ನೀರೊಳಗಿನ ಕೈಚಳಕ

ಹನೋಯ್ ನಗರದ ನಟ್ಟನಡುವೆ ಹೊವಾನ್ ಕಿಯೆಮ್ ಕೆರೆ. ಹೊತ್ತು ಇಳಿಯುತ್ತಿದ್ದಂತೆ ಅದರ ಸುತ್ತಲಿನ ರಸ್ತೆಗಳಲ್ಲಿ ಸ್ಕೂಟರುಗಳ ಗದ್ದಲ ಏರುತ್ತದೆ. ಗಲ್ಲಿಯ ಬಾಯಲ್ಲಿ ಕುಳ್ಳ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕುಕ್ಕರಿಸಿದ ಜನ, ಅವರ ಬಟ್ಟಲುಗಳಲ್ಲಿ ಹಬೆಯಾಡುವ ಫೋ ಸಾರು, ಅದರಿಂದೇಳುವ ಚಕ್ರಮೊಗ್ಗು ಮತ್ತು ಸುಟ್ಟ ಶುಂಠಿಯ ಘಮ. ಆ ಘಮವನ್ನು ದಾಟಿ ದಂಡೆಯ ಮೇಲಿರುವ ಥಾಂಗ್ ಲಾಂಗ್ ರಂಗಮಂದಿರದೊಳಗೆ ಕಾಲಿಟ್ಟರೆ ಮೂಗಿಗೆ ಬಡಿಯುವುದು ತಂಪು ಹಸಿವಾಸನೆ. ಎದುರಿಗೆ ಹಲಗೆಯ ರಂಗವಿಲ್ಲ, ಹಸಿರು ಬಣ್ಣದ ಕದಡಿದ ನೀರು ತುಂಬಿದ ಕೊಳವಿದೆ. ಅದರ ಹಿಂಬದಿಗೆ ಕೆಂಪು ಹೆಂಚಿನ ಗುಡಿಯಂಥ ಮಾಡು, ಮಾಡಿನ ಕೆಳಗೆ ನೀರನ್ನು ಮುಟ್ಟುವಂತೆ ಇಳಿಬಿಟ್ಟ ಬಿದಿರಿನ ಪರದೆ.

ಪಕ್ಕದ ಜಗಲಿಯಲ್ಲಿ ವಾದ್ಯದವರು ಕೂತಿದ್ದಾರೆ. ಡೋಲು, ತಾಳ, ಕೊಳಲು. ಇವುಗಳ ನಡುವೆ ಒಂದೇ ತಂತಿಯ ದಾನ್ ಬೌ. ನುಡಿಸುವಾಕೆ ಬಲಗೈಯಿಂದ ತಂತಿಯನ್ನು ಮೀಟುತ್ತ ಎಡಗೈಯಲ್ಲಿ ಬಳುಕುವ ಕಡ್ಡಿಯನ್ನು ಬಾಗಿಸಿದಾಗ ಯಾರೋ ಗಂಟಲು ತುಂಬಿ ರಾಗ ಎಳೆದಂತೆ ಕೇಳುತ್ತದೆ. ಉತ್ತರ ವಿಯೆಟ್ನಾಮಿನ ಹಳ್ಳಿಗಳ ಚೆಯೊ ನಾಟಕದ ಮಟ್ಟುಗಳೇ ಈ ನೀರಿನ ಬೊಂಬೆಯಾಟಕ್ಕೂ ಜೀವ. ಬೊಂಬೆಗಳ ಮಾತು, ನಗು, ಜಗಳವೆಲ್ಲ ಈ ಜಗಲಿಯಿಂದಲೇ ಹೊರಡುತ್ತದೆ.

ಡೋಲು ಬಿರುಸಾದ ಕೂಡಲೇ ಪರದೆಯನ್ನು ಸೀಳಿಕೊಂಡು ಬರುವವನು ತೇವು. ಗುಂಡು ಹೊಟ್ಟೆ, ಗುಂಡಿ ಹಾಕದ ಅಂಗಿ, ಕಿವಿಯವರೆಗೆ ಹರಡಿದ ನಗು. ಸೂತ್ರಧಾರನೂ ಇವನೇ, ಕೋಡಂಗಿಯೂ ಇವನೇ. ಇವನು ಆಚೆ ಸರಿದರೆ ಡ್ರ್ಯಾಗನ್‌ಗಳು ಮುಳುಗಿ ಏಳುತ್ತ ಬಾಯಿಂದ ನೀರು ಚಿಮ್ಮಿಸುತ್ತವೆ. ರೈತ ಎಮ್ಮೆ ಕಟ್ಟಿ ಉಳುತ್ತಾನೆ, ಹೆಂಗಸರು ಬಾಗಿ ನಾಟಿ ಹಾಕುತ್ತಾರೆ. ಬಾತುಕೋಳಿಯನ್ನು ಕಚ್ಚಿದ ನರಿ ಸರಸರನೆ ಮರ ಹತ್ತಿದಾಗ ಮುಂದಿನ ಸಾಲಿನ ಮಕ್ಕಳು ಎದ್ದುನಿಂತು ಕೂಗುತ್ತಾರೆ. ಅವರ ಮೊಗಕ್ಕೂ ನಾಲ್ಕು ಹನಿ ಸಿಡಿಯುತ್ತದೆ. ಕೊನೆಗೊಮ್ಮೆ ರಾಜ ಲೇ ಲೋಯ್ ದೋಣಿಯಲ್ಲಿ ಬರುತ್ತಾನೆ. ಚೀನಾದ ಮಿಂಗ್ ಸೇನೆಯನ್ನು ಓಡಿಸಿದ ಖಡ್ಗವನ್ನು ಆಮೆಯೊಂದು ಮರಳಿ ಪಡೆದುಕೊಂಡು ಮುಳುಗುತ್ತದೆ. ಹೊರಗಿನ ಕೆರೆಗೆ ಹೆಸರು ತಂದುಕೊಟ್ಟ ಐತಿಹ್ಯವೇ ಇದು.

ಕಣ್ಣನ್ನು ಈಗ ಪರದೆಯ ಹಿಂದಕ್ಕೆ ಒಯ್ಯೋಣ. ಅಲ್ಲಿ ಸೊಂಟದ ಮಟ್ಟ ನೀರಿನಲ್ಲಿ ಕಲಾವಿದರು ನಿಂತಿದ್ದಾರೆ. ಬಿದಿರಿನ ಉದ್ದನೆಯ ಗಳದ ತುದಿಗೆ ಬೊಂಬೆ. ಗಳದ ಗುಂಟ ಹಾಯುವ ದಾರಗಳನ್ನು ಎಳೆದರೆ ಕೈ ಎತ್ತುತ್ತದೆ, ಕತ್ತು ತಿರುಗಿಸುತ್ತದೆ. ಗಳವೂ ದಾರವೂ ನೀರಿನಡಿ ಅಡಗಿರುವುದರಿಂದ ನಮಗೆ ಕಾಣುವುದು ತಾನಾಗಿ ಓಡಾಡುವ ಬೊಂಬೆ ಮಾತ್ರ. ಕೆಲವು ಕಿಲೋ ತೂಗುವ ಮರವನ್ನು ನೀರು ಹೊರುತ್ತದೆ, ನಿಜ. ಆದರೆ ಅದೇ ನೀರು ಪ್ರತಿ ಹೊರಳಿಗೂ ಎದುರು ಒತ್ತುತ್ತದೆ. ಹಾಗಾಗಿ ಗಳ ಹಿಡಿದವರ ತೋಳು, ಭುಜ, ಬೆನ್ನಿಗೆ ಬಿಡುವಿಲ್ಲ. ಈಗ ರಬ್ಬರಿನ ಉಡುಪಿದೆ. ಹಿಂದೆ ಚಳಿಗಾಲದ ಕೆರೆಗೆ ಇಳಿಯುವ ಮುನ್ನ ಮೈ ಬೆಚ್ಚಗಾಗಲೆಂದು ಅಕ್ಕಿಯ ಕಳ್ಳನ್ನೋ ಮೀನಿನ ಸಾರವನ್ನೋ ಗುಟುಕರಿಸುತ್ತಿದ್ದರು.

ನಗರದ ಈ ರಂಗಮಂದಿರ ಶುರುವಾದದ್ದು 1969ರಲ್ಲಿ. ಆಟ ಮಾತ್ರ ಕೆಂಪು ನದಿಯ ಬಯಲಿನ ಕೆಸರುಗದ್ದೆಗಳಲ್ಲಿ ಹುಟ್ಟಿದ್ದು. ಲೀ ನ್ಯಾನ್ ಟೋಂಗ್ ದೊರೆಯ ಮುಂದೆ ನಡೆದ ನೀರಿನಾಟವನ್ನು 1121ರ ಶಾಸನವೊಂದು ಬಣ್ಣಿಸುತ್ತದೆ. ಹನೋಯ್ ಬಳಿಯ ಥಾಯ್ ದೇಗುಲದ ಕೊಳದಲ್ಲಿ ಇದಕ್ಕೆಂದೇ ಕಟ್ಟಿದ ಮಂಟಪ ಇಂದಿಗೂ ಇದೆ. ದಾವ್ ಥುಕ್‌ನಂಥ ಹಳ್ಳಿಗಳಲ್ಲಿ ಗದ್ದೆ ಕೆಲಸದ ಜನರೇ ಮೇಳ ಕಟ್ಟಿಕೊಂಡರು. ಯಾವ ದಾರ ಎಲ್ಲಿ ಹಾಯುತ್ತದೆಂಬ ಗುಟ್ಟು ಮೇಳದ ಆಸ್ತಿ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಊರು ಸೇರುತ್ತಾರೆ, ಗುಟ್ಟೂ ಅವರೊಡನೆ ಹೋದೀತೆಂದು ಅವರಿಗೆ ಕಲಿಸುತ್ತಲೇ ಇರಲಿಲ್ಲ. ಇವತ್ತು ಆಟ ಮುಗಿದು ಪರದೆ ಎತ್ತಿದಾಗ ಒದ್ದೆ ಬಟ್ಟೆಯಲ್ಲೇ ಮುಂದೆ ಬಂದು ತಲೆಬಾಗುವವರಲ್ಲಿ ಹೆಂಗಸರೂ ಇದ್ದಾರೆ.

ಬೊಂಬೆ ಕೆತ್ತುವುದು ನಮ್ಮ ಕಡೆಯೂ ಬೆಳೆಯುವ ಅತ್ತಿ ಮರದಲ್ಲಿ. ಹಗುರ, ಉಳಿಗೆ ಮೃದು, ನೀರಿನಲ್ಲಿ ತೇಲುತ್ತದೆ. ಒಣಗಿಸಿ, ಕೆತ್ತಿ, ಉಜ್ಜಿ, ಮರದ ಹಾಲಿನಿಂದ ಮಾಡಿದ ಅರಗನ್ನು ಪದರದ ಮೇಲೆ ಪದರ ಬಳಿದು ಬಣ್ಣ ಕೊಡುತ್ತಾರೆ. ಇಷ್ಟೆಲ್ಲ ಮಾಡಿದರೂ ದಿನವೂ ಆಟವಿರುವಲ್ಲಿ ಒಂದು ಬೊಂಬೆ ಬಾಳುವುದು ಕೆಲವೇ ತಿಂಗಳು. ನೀರು ಹೀಗೆ ಬೇಗ ತಿಂದುಹಾಕುವುದರಿಂದಲೇ ಹನೋಯ್ ಸುತ್ತಲಿನ ಹಳ್ಳಿಗಳಲ್ಲಿ ಬೊಂಬೆ ಕೆತ್ತುವ ಕೈಗಳಿಗೆ ಕೆಲಸ ತಪ್ಪಿಲ್ಲ.