ಜಗಳಕ್ಕೆ ಮೊದಲೇ ಸಿಗುವ ಸುಳಿವು

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಆಟದ ಹೊತ್ತಿನ ಜಗಳಕ್ಕೆ ಬಾಲಕನೊಬ್ಬ ಗೆಳೆಯನನ್ನೇ ಚಾಕುವಿನಿಂದ ಇರಿದು ಕೊಂದ. ಇಂಥ ಸುದ್ದಿ ಓದಿದಾಗಲೆಲ್ಲ ಹಿಂಸೆ ದಿಢೀರನೆ ಸಿಡಿಯುತ್ತದೆ ಎಂದುಕೊಳ್ಳುತ್ತೇವೆ. ಆ ನಂಬಿಕೆಗೆ ಆಧಾರ ಕಡಿಮೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. ಶೇ 81ರಷ್ಟು ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಿಗೆ ದಾಳಿಯ ಯೋಚನೆ ಮೊದಲೇ ಗೊತ್ತಿತ್ತು. ಗೊತ್ತಿದ್ದವರು ಹೆಚ್ಚಾಗಿ ಓರಗೆಯ ಮಕ್ಕಳೇ. ಅಲ್ಲಿಯ ಬಂದೂಕು ನಮ್ಮಲ್ಲಿಲ್ಲ, ನಿಜ. ಆದರೆ ಗೆಳೆಯರಿಗೆ ಹೇಳಿ ದೊಡ್ಡವರಿಂದ ಬಚ್ಚಿಡುವ ಮಕ್ಕಳ ಸ್ವಭಾವ ನಮ್ಮ ಬಸವಕಲ್ಯಾಣದಲ್ಲೂ ಹುಮನಾಬಾದಿನಲ್ಲೂ ಬೇರೆಯಲ್ಲ.

ಹಾಗೆಂದು ಹಿಂಸೆಯ ಲಕ್ಷಣ ಹುಡುಕಲು ಹೊರಟರೆ ಮಕ್ಕಳಿಗೆ ಹಣೆಪಟ್ಟಿ ಹಚ್ಚಿದಂತಾಗದೇ? ಆತಂಕ ಸರಿಯಾದದ್ದೇ. ದಾಳಿಕೋರರೆಲ್ಲರಿಗೂ ಹೊಂದುವ ಒಂದೇ ಚಹರೆಯಿಲ್ಲವೆಂದು ಅದೇ ವರದಿ ಹೇಳಿದೆ. ಆದ್ದರಿಂದ ನೋಡಬೇಕಾದದ್ದು ಮಗುವಿನ ಜಾತಿ, ಕೇರಿ, ಅಂಕಪಟ್ಟಿಯನ್ನಲ್ಲ, ನಡತೆಯಲ್ಲಾದ ಬದಲಾವಣೆಯನ್ನು: ಎಲ್ಲರೊಡನೆ ಆಡುತ್ತಿದ್ದವನು ಒಂಟಿಯಾಗುವುದು, ‘ನೋಡ್ಕೋತೀನಿ’ ಎಂದು ಒಬ್ಬನನ್ನೇ ಮತ್ತೆ ಮತ್ತೆ ಬೆದರಿಸುವುದು, ಚೀಲದಲ್ಲಿ ಚಾಕು ತರುವುದು, ಯಾರದೋ ಕಾಟಕ್ಕೆ ಹೆದರಿ ಶಾಲೆ ತಪ್ಪಿಸುವುದು. ತಂದೆತಾಯಿ ದುಡಿಯಲು ಮುಂಬೈ, ಹೈದರಾಬಾದಿಗೆ ಹೋಗಿ ಮಕ್ಕಳು ಅಜ್ಜಿಯ ಬಳಿ ಉಳಿದಾಗ ಈ ಬದಲಾವಣೆ ಮೊದಲು ಕಾಣುವುದು ಶಿಕ್ಷಕರಿಗೇ. ಅವರಿಗೆ ಪುರುಸೊತ್ತಿಲ್ಲ ಎನ್ನುವುದು ಸುಳ್ಳಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು, ಬಿಸಿಯೂಟದ ಸಿಬ್ಬಂದಿಯೂ ಗಮನಿಸಬಹುದು. ಆದರೆ ಹೊಡೆಯುವ ಮೇಷ್ಟ್ರಿಗೆ ಯಾವ ಮಗುವೂ ಗುಟ್ಟು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ್ದರೂ, 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಹದ್ಲಿಯಲ್ಲಿ ನಾಲ್ಕನೇ ತರಗತಿಯ ಬಾಲಕ ಅತಿಥಿ ಶಿಕ್ಷಕನ ಹಲ್ಲೆಗೆ ಬಲಿಯಾದ. ಮಾತಿಗೆ ಶಾಲೆಯಲ್ಲಿ ಯಾರೂ ಸಿಗದ ಮಗುವಿಗೆ 1098 ಸಹಾಯವಾಣಿಯಿದೆ; ಆ ಸಂಖ್ಯೆ ಪ್ರತಿ ತರಗತಿಯ ಗೋಡೆಯ ಮೇಲೂ ಇರಬೇಕು.