ಹೆರಿಗೆ ನೋವಿನಲ್ಲಿ ಪಕ್ಕದಲ್ಲೊಬ್ಬರು

ಹೆರಿಗೆ ನೋವು ಶುರುವಾದಾಗ ಪಕ್ಕದಲ್ಲಿ ಒಬ್ಬರು ಸುಮ್ಮನೆ ಜೊತೆಗಿದ್ರೆ,
ಏನಾದ್ರೂ ವ್ಯತ್ಯಾಸ ಆಗುತ್ತಾ?

ಗ್ವಾಟೆಮಾಲಾದ ಒಂದು ಆಸ್ಪತ್ರೆ.
ಚೊಚ್ಚಲ ಹೆರಿಗೆಗೆ ಬಂದ ಕೆಲವರ ಜೊತೆ ಸಂಶೋಧಕರು ಒಬ್ಬ ಹೆಂಗಸನ್ನು ಬಿಟ್ಟರು.
ಆಕೆ ನರ್ಸ್ ಅಲ್ಲ, ನೆಂಟರೂ ಅಲ್ಲ.
ಬೆನ್ನು ನೀವಿದ್ರು. ಕೈ ಹಿಡಿದ್ರು. ಮಾತಾಡಿಸ್ತಾ ಇದ್ರು.

1980ರಲ್ಲಿ ಫಲಿತಾಂಶ ಬಂತು.
ತೊಡಕಿಲ್ಲದ ಹೆರಿಗೆಗಳನ್ನೇ ನೋಡಿದ್ರೂ,
ಒಂಟಿಯಾಗಿದ್ದವರಿಗೆ ಆಸ್ಪತ್ರೆ ಸೇರಿ ಮಗು ಹುಟ್ಟೋಕೆ ಸರಾಸರಿ 19 ಗಂಟೆ.
ಜೊತೆಗೊಬ್ಬರು ಇದ್ದವರಿಗೆ?
9 ಗಂಟೆಯೂ ಹಿಡೀಲಿಲ್ಲ!

ಈ ಕೆಲಸವನ್ನೇ ಕಲಿತು ಮಾಡುವವರು ಡೌಲಾ.

ಸೂಲಗಿತ್ತಿ ಹೆರಿಗೆ ಮಾಡಿಸ್ತಾರೆ. ಡೌಲಾ ಮಾಡಿಸಲ್ಲ.
ಬಿಪಿ ನೋಡಲ್ಲ, ಔಷಧಿ ಕೊಡಲ್ಲ.
ಬೆಟ್ಟ ಹತ್ತುವವರ ಜೊತೆ ದಾರಿ ಬಲ್ಲವರೊಬ್ಬರು ಹೆಜ್ಜೆ ಹಾಕ್ತಾರಲ್ಲ, ಹಾಗೆ.

ನೋವು ಏರಿದಾಗ ಹಿಂದೆ ನಿಂತು,
ಸೊಂಟದ ಎರಡೂ ಬದಿ ಅಂಗೈಯಿಂದ ಒತ್ತಿ ಹಿಡೀತಾರೆ.
ಉಸಿರು ತಪ್ಪಿದರೆ ತಾವೇ ಜೋರಾಗಿ ಉಸಿರಾಡಿ ಲಯಕ್ಕೆ ತರ್ತಾರೆ.
ಡಾಕ್ಟರ್ ಹೇಳಿದ್ದು ಗಾಬರೀಲಿ ಕಿವಿಗೆ ಬೀಳದಿದ್ರೆ, ಬಿಡಿಸಿ ಹೇಳ್ತಾರೆ.

ಯಾಕೆ ಇಷ್ಟು ಮುಖ್ಯ?
ಭಯ ಹೆಚ್ಚಾದ್ರೆ ಅಡ್ರಿನಲಿನ್ ಹೆಚ್ಚುತ್ತೆ.
ಅದು ಗರ್ಭಕೋಶದ ಸಂಕೋಚನವನ್ನೇ ನಿಧಾನ ಮಾಡಬಲ್ಲದು.

2017ರಲ್ಲಿ ಕೊಕ್ರೇನ್ ಸಂಸ್ಥೆ 15,000ಕ್ಕೂ ಹೆಚ್ಚು ಮಹಿಳೆಯರ ಅಧ್ಯಯನಗಳನ್ನು ಒಟ್ಟಿಗೆ ನೋಡಿತು.
ಹೆರಿಗೆಯುದ್ದಕ್ಕೂ ಜೊತೆ ಸಿಕ್ಕವರಲ್ಲಿ ಸಿಸೇರಿಯನ್ ಕಡಿಮೆ.

ಡೌಲಾ ಶುಲ್ಕ ಎಲ್ಲರಿಗೂ ಎಟುಕಲ್ಲ, ನಿಜ.
ಆದ್ರೆ ಅಮ್ಮ, ಅಕ್ಕ, ಅತ್ತೆ ಜೊತೆಗಿರಬಹುದಲ್ಲ?
ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಅವಕಾಶ ಕೊಟ್ಟಿದೆ.

ಮುಂದಿನ ಚೆಕಪ್‌ಗೆ ಹೋದಾಗಲೇ ಕೇಳಿ:
ಲೇಬರ್ ವಾರ್ಡ್ ಒಳಗೆ ನನ್ನ ಜೊತೆ ಯಾರು ಬರಬಹುದು?