ಸಿದ್ಧಾಂತ ಬಸದಿಯ ತಾಡವೋಲೆಗಳು

ಕರಾವಳಿಯ ಯಾತ್ರಿಕರು ಮೂಡುಬಿದಿರೆಗೆ ಬರುವುದು ಬಹುಮಟ್ಟಿಗೆ ಸಾವಿರ ಕಂಬದ ಬಸದಿಗಾಗಿ. 1430ರ ಆ ಶಿಲಾವೈಭವವನ್ನು ಕಂಡು, ಚಂದ್ರನಾಥ ಸ್ವಾಮಿಗೆ ಕೈಮುಗಿದು, ಕಾರ್ಕಳದ ಬಾಹುಬಲಿಯತ್ತ ಹೊರಡುತ್ತಾರೆ. ಅದೇ ಊರಿನ ಗುರುಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೇಕೆ ಬಂತೆಂದು ಕೇಳುವವರು ವಿರಳ.

ಧರಸೇನಾಚಾರ್ಯರ ಶಿಷ್ಯರಾದ ಪುಷ್ಪದಂತ, ಭೂತಬಲಿ ಮುನಿಗಳು ರಚಿಸಿದ ಷಟ್ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನರು ಬರೆದ ವ್ಯಾಖ್ಯಾನವೇ ಧವಲಾ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ಹಳಗನ್ನಡ. ಅದರ ಪ್ರಾಚೀನ ತಾಡವೋಲೆಗಳು ಉಳಿದದ್ದು ಇಲ್ಲಿ. ಮಳೆನಾಡಿನ ತೇವದಲ್ಲಿ, ಗೆದ್ದಲಿನ ನಡುವೆ, ತಲೆಮಾರುಗಳ ಶ್ರಾವಕರು ಅವನ್ನು ಕಾದರು.

ಕಾದದ್ದೇನೋ ಸರಿ. ಆದರೆ ಬಹುಕಾಲ ಆ ಗರಿಗಳು ಹೊರಬಂದದ್ದು ದರ್ಶನಕ್ಕೆ, ಓದಿಗಲ್ಲ. ಆಹಾರ, ಔಷಧ, ಅಭಯಗಳ ಸಾಲಿನಲ್ಲೇ ಶಾಸ್ತ್ರದಾನವನ್ನು ಎಣಿಸುವ ಧರ್ಮಕ್ಕೆ ಇದು ಸಣ್ಣ ಪ್ರಶ್ನೆಯಲ್ಲ. ಬಿಚ್ಚದ ಕಟ್ಟಿಗೆ ಆರತಿ ಎತ್ತಿದರೆ ಜ್ಞಾನಾವರಣ ಕರ್ಮ ಸಡಿಲವಾದೀತೆ? ಕೊಟ್ಟರೆ ಪಾವಿತ್ರ್ಯ ಕೆಟ್ಟೀತೆಂಬ ಕಾವಲುಗಾರರ ಅಂಜಿಕೆಯೂ ಸುಳ್ಳಲ್ಲ; ಭಕ್ತಿಯೇ ಪರಿಗ್ರಹವಾಗುವ ಸೂಕ್ಷ್ಮ ಸ್ಥಳವದು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪ್ರತಿ ಮಾಡುವ ಕಾರ್ಯ ಮೊದಲಾಯಿತು. ಮುಗಿಯಲು ವರ್ಷಗಳೇ ಹಿಡಿದವು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಓದುಗರ ಕೈಸೇರಿತು.